ಎಂಬತ್ತು ಲೀಟರ್ ಸಮುದ್ರದಲ್ಲಿ ಹದಿನೆಂಟು ಸಾವು

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ನಿವಾಸಿ ವಿಭಾಗದ ನಮ್ಮ ಮನೆಯ ಹಾಲ್‌ನಲ್ಲಿ, ಟಿವಿಗೂ ದೇವರ ಕೋಣೆಯ ಬಾಗಿಲಿಗೂ ನಡುವೆ, ಒಂದೇ ಮಳೆಗಾಲದಲ್ಲಿ ಹದಿನೆಂಟು ಸಾವುಗಳಾದವು. ಪೊಲೀಸರು ಬರಲಿಲ್ಲ. ಸತ್ತವರೆಲ್ಲ ಎರಡೂವರೆ ಅಡಿ ಉದ್ದದ ಗಾಜಿನ ತೊಟ್ಟಿಯ ಕಾಯಂ ನಿವಾಸಿಗಳಾಗಿದ್ದರಿಂದ ಪಂಚನಾಮೆಯ ಹೊಣೆ ತೊಟ್ಟಿಯ ಮಾಲೀಕನಾದ ನನ್ನ ಮೇಲೆಯೇ ಬಿತ್ತು. ಮಾಲೀಕನೂ ಆಪಾದಿತರಲ್ಲಿ ಒಬ್ಬ ಎಂಬುದು ಆಮೇಲೆ ತಿಳಿಯಿತು.

ನಾನು ಒಂದು ಬಣ್ಣದ ಕಾರ್ಖಾನೆಯ ಪ್ರಯೋಗಾಲಯ ನೋಡಿಕೊಳ್ಳುವವ. ಮೇ ಕೊನೆಯಲ್ಲಿ ಮ್ಯಾನೇಜರರು ನನ್ನನ್ನು ಕರೆದು, ಪ್ರಯೋಗಾಲಯ ಗುಜರಾತಿಗೆ ಹೋಗುತ್ತದೆಂದೂ, ನಾನು ಅದರೊಡನೆ ಹೋಗಬಹುದು ಅಥವಾ ಹೋಗದೆ ಇರಬಹುದೆಂದೂ, ಗಣಪತಿ ಹಬ್ಬ ಮುಗಿದ ಸೋಮವಾರದೊಳಗೆ ಯಾವುದೆಂದು ತಿಳಿಸಬೇಕೆಂದೂ ಹೇಳಿದರು. ಹೋಗದಿದ್ದರೆ ನೌಕರಿ ಇಲ್ಲ. ಹೋದರೆ ಒಬ್ಬನೇ ಹೋಗಬೇಕು. ಹೆಂಡತಿಯ ನೌಕರಿ ಇಲ್ಲೇ ಮಹಾಪೆಯಲ್ಲಿ. ಅವ್ವನಿಗೆ ಎಂಬತ್ತೆರಡು. ಧಾರವಾಡ ಬಿಟ್ಟು ಡೊಂಬಿವಲಿಗೆ ಬಂದದ್ದೇ ತಾನು ಈ ಜನ್ಮದಲ್ಲಿ ಮಾಡಿದ ಕೊನೆಯ ಪ್ರಯಾಣ ಎಂದು ಅವಳು ಇಪ್ಪತ್ತು ವರ್ಷದ ಹಿಂದೆಯೇ ಘೋಷಿಸಿದ್ದಾಳೆ.

ಅದೇ ವಾರ ಕನ್ನಡ ಸಂಘದ ಒಂದು ಊಟದಲ್ಲಿ ಮಕ್ಕಳ ಡಾಕ್ಟರಮ್ಮ ಒಬ್ಬರು ಎದುರಿಗೆ ಕೂತಿದ್ದರು. ಮೈಸೂರಿನವರು, ಘೋಡಬಂದರ್ ರಸ್ತೆಯಲ್ಲಿ ದವಾಖಾನೆ. ಸೂಜಿ ಚುಚ್ಚಿಸಿಕೊಳ್ಳಲು ಬರುವ ಮಕ್ಕಳು ನೋಡಿಕೊಂಡು ಕೂರಲೆಂದು ಹವಳ, ಮೀನುಗಳಿರುವ ಉಪ್ಪುನೀರಿನ ಅಕ್ವೇರಿಯಂ ಇಡಿಸಬೇಕೆಂಬುದು ಅವರ ಆಸೆ. ಮೂರು ಜನ ಬಂದು ಒಂದೊಂದು ತೊಟ್ಟಿ ಇಟ್ಟಿದ್ದರು. ಮೂರೂ ಸತ್ತಿದ್ದವು.

"ಉಪ್ಪುನೀರು ಅಂದರೆ ಒಂದು ದ್ರಾವಣ ಅಷ್ಟೇ. ಮೂವತ್ತು ವರ್ಷದಿಂದ ನಾನು ಮಾಡುತ್ತಿರುವುದು ಅದನ್ನೇ" ಎಂದೆ. ಹೋಳಿಗೆ ಎರಡನೆಯ ಸಲ ಬಂದಿತ್ತು. ಮನುಷ್ಯನಿಗೆ ಅಂಥ ಹೊತ್ತಿನಲ್ಲಿ ಧೈರ್ಯ ಬರುತ್ತದೆ.

ಡಾಕ್ಟರು ನಗಲಿಲ್ಲ. "ಹಾಗಾದ್ರೆ ಮೊದಲು ನಿಮ್ಮ ಮನೇಲಿ ಮಾಡಿ ತೋರಿಸಿ ಸರ್. ಹಬ್ಬ ಮುಗಿದ ಭಾನುವಾರ ಬಂದು ನೋಡ್ತೀನಿ. ಬದುಕಿದ್ರೆ ನನ್ನ ಕ್ಲಿನಿಕ್ಕು, ನನ್ನ ಇಬ್ಬರು ಫ್ರೆಂಡ್ಸ್ ಕ್ಲಿನಿಕ್ಕು, ಎಲ್ಲ ಕಡೆ ಟ್ಯಾಂಕು ತಿಂಗಳ ಫೀಸಿನ ಮೇಲೆ ನಿಮ್ಮ ಸುಪರ್ದಿಗೆ."

ಭಾನುವಾರ ಡಾಕ್ಟರು, ಸೋಮವಾರ ಮ್ಯಾನೇಜರು. ತೊಟ್ಟಿ ಬದುಕಿದರೆ ನಾನು ಡೊಂಬಿವಲಿಯಲ್ಲಿ ಉಳಿಯುತ್ತೇನೆ, ಸತ್ತರೆ ಗುಜರಾತಿಗೆ ಹೋಗುತ್ತೇನೆ. ನನ್ನ ಭವಿಷ್ಯ ಇಷ್ಟು ಸ್ಪಷ್ಟವಾಗಿ ಎಂದೂ ಕಂಡಿರಲಿಲ್ಲ.

ಜೂನ್ ಮೊದಲ ವಾರ ಕೆಲಸ ಶುರುವಾಯಿತು. ಎಂಬತ್ತು ಲೀಟರಿನ ತೊಟ್ಟಿ. ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಥರ್ಮೋಕೋಲ್ ಹಾಳೆ, ನಾಲ್ಕು ಮೂಲೆಗೂ ನೀರುಮಟ್ಟ ಹಿಡಿದು ನೋಡಿದೆ. ಅಡಿಗೆಮನೆಯ ಆರ್‌ಓ ಯಂತ್ರದಿಂದ ಎರಡು ದಿನ ನೀರು ಹಿಡಿದು, ಸಮುದ್ರದ ಉಪ್ಪಿನ ಪುಡಿಯನ್ನು ತೂಗಿ ಬೆರೆಸಿ, ಒಂದು ರಾತ್ರಿ ಪಂಪಿನಲ್ಲಿ ಕದಡಲು ಬಿಟ್ಟು, ಬೆಳಿಗ್ಗೆ ಸಾಂದ್ರತೆ ನೋಡಿದೆ. ಒಂದು ಪಾಯಿಂಟ್ ಸೊನ್ನೆ ಎರಡು ಐದು. ಪುಸ್ತಕದಲ್ಲಿದ್ದಷ್ಟೇ. ಈ ಸಂಖ್ಯೆಯನ್ನು ಹೆಂಡತಿಗೆ ಎರಡು ಸಲ ಹೇಳಿದೆ. ಅವಳು ಲೋಕಲ್ ರೈಲು ಹಿಡಿಯುವ ಅವಸರದಲ್ಲಿದ್ದಳು.

ಕಲ್ಲು, ಪ್ರಾಣಿ ಎಲ್ಲ ಕಲ್ಯಾಣದ ಅಂಗಡಿಯವರೊಬ್ಬರಿಂದ ತಂದೆ. ಅವರು ಮಲ್ಪೆ ಕಡೆಯವರು, ತಂದೆಯ ಜತೆ ದೋಣಿಯಲ್ಲಿ ಹೋಗಿ ಬಂದವರು. ನಮ್ಮ ಕಡಲಿನ ಕಲ್ಲುಹವಳ ಮುಟ್ಟುವುದು ಕಾನೂನುಬಾಹಿರವೆಂದು ಅವರೇ ಮೊದಲ ದಿನ ಹೇಳಿ, ತಮ್ಮ ತೊಟ್ಟಿಯಲ್ಲೇ ಬೆಳೆಸಿದ ಮೆತ್ತನೆಯ ಹವಳಗಳ ಮೂರು ಗೊಂಚಲು ಕೊಡುವುದಾಗಿ ಒಪ್ಪಿಕೊಂಡರು. ಒಣ ಕಲ್ಲುಗಳ ಜತೆಗೆ ತಮ್ಮ ಹತ್ತು ವರ್ಷದ ಹಳೆಯ ತೊಟ್ಟಿಯಿಂದ ತೆಂಗಿನಕಾಯಿಯಷ್ಟು ದೊಡ್ಡ ಒಂದು ಕಲ್ಲನ್ನೂ ಕೊಟ್ಟರು. "ಇದು ಜೀವ ಇರುವ ಕಲ್ಲು ರಾಯರೇ. ಹೆಪ್ಪು ಇದ್ದ ಹಾಗೆ. ಇದರಲ್ಲಿ ಎಲ್ಲ ಉಂಟು."

ಎಲ್ಲ ಇತ್ತು. ಅದು ಆಮೇಲಿನ ಮಾತು.

ತೊಟ್ಟಿ ತುಂಬಿದ ಮೇಲೆ ಐದು ವಾರ ಅದರಲ್ಲಿ ಯಾವ ಪ್ರಾಣಿಯನ್ನೂ ಹಾಕುವಂತಿಲ್ಲ. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಕಲ್ಲಿನಲ್ಲಿ ನೆಲೆಸುವ ತನಕ ಅದು ವಿಷ. ನಾನು ಆ ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ದಿನಾ ಸಂಜೆ ಒಂದು ಹನಿ ಅಮೋನಿಯಾ ಹಾಕಿ, ಪರೀಕ್ಷಾನಳಿಕೆಯಲ್ಲಿ ಬಣ್ಣ ನೋಡಿ, ವಹಿಯಲ್ಲಿ ಬರೆದು ಸಹಿ ಹಾಕುತ್ತಿದ್ದೆ. ಅವ್ವ ಜಪಮಣಿ ಹಿಡಿದು ಇದನ್ನೆಲ್ಲ ನೋಡುತ್ತಿದ್ದಳು.

"ಏನ್ ಸಾಕ್ಲಿಕ್ಕತ್ತೀಯೋ ಇದರಾಗ?"

"ಈಗಿನ್ನೂ ಏನೂ ಇಲ್ಲ ಅವ್ವ."

"ಅಂದ್ರ ನೀರು ಸಾಕ್ಲಿಕ್ಕತ್ತೀ."

ಜುಲೈ ನಡುವಿಗೆ ಅಮೋನಿಯಾ ಸೊನ್ನೆಗೆ ಬಂತು. ಒಂದು ಭಾನುವಾರ ಪ್ರಾಣಿಗಳು ಪ್ಲಾಸ್ಟಿಕ್ ಚೀಲಗಳಲ್ಲಿ ಗೃಹಪ್ರವೇಶಕ್ಕೆ ಬಂದವು: ಪಾಚಿ ತಿನ್ನುವ ಎಂಟು ಬಸವನಹುಳು, ನಾಲ್ಕು ಸನ್ಯಾಸಿ ಏಡಿ, ಮೀನಿನ ಮೈಯ ಹುಳ ಹೆಕ್ಕುವ ಎರಡು ಕ್ಲೀನರ್ ಸೀಗಡಿ, ಕಿತ್ತಳೆ ಬಣ್ಣದ ಎರಡು ಕ್ಲೌನ್ ಮೀನು, ಒಂದು ನೀಲಿ ಡ್ಯಾಮ್ಸೆಲ್ ಮೀನು, ಮೂರು ಗೊಂಚಲು ಹವಳ. ದೀಪ ಹಾಕಿದೆ. ಹವಳಗಳು ಅರಳಿದವು. ಮನೆಯಲ್ಲಿ ಎಲ್ಲರೂ ಹತ್ತು ನಿಮಿಷ ಸುಮ್ಮನೆ ಕೂತರು. ಇಂಥ ಶಾಂತಿಯನ್ನು ಆ ತೊಟ್ಟಿ ಮತ್ತೆ ಕಾಣಲಿಲ್ಲ.

ಮೊದಲ ಕೊಲೆ ಮೂರನೆಯ ದಿನ ಆಯಿತು, ಅದೂ ಚಹಾದ ಹೊತ್ತಿಗೆ. ಸನ್ಯಾಸಿ ಏಡಿಗೆ ಮೈಮೇಲೆ ಸ್ವಂತ ಚಿಪ್ಪು ಇರುವುದಿಲ್ಲ. ಸತ್ತ ಬಸವನಹುಳುವಿನ ಚಿಪ್ಪಿನೊಳಗೆ ಬಾಡಿಗೆಗೆ ಇದ್ದಂತೆ ಇರುತ್ತದೆ. ನಮ್ಮ ಏಡಿಗಳಲ್ಲಿ ದೊಡ್ಡದಕ್ಕೆ ಇದ್ದ ಮನೆ ಸಾಲದಾಯಿತು. ಅದು ಒಂದು ಬಸವನಹುಳುವನ್ನು ಗಾಜಿನಿಂದ ಕಿತ್ತು ಕೆಡವಿ, ಮಗುಚಿ ಹಿಡಿದು, ಮುಚ್ಚಳದ ಸಂದಿನಲ್ಲಿ ಕೊಂಡಿ ತೂರಿಸಿ, ಒಳಗಿನ ಜೀವವನ್ನು ಚೂರು ಚೂರಾಗಿ ಎಳೆದು ಹೊರಗೆ ಹಾಕಿತು. ಒಂದಿಷ್ಟನ್ನು ತಿಂದಿತು. ಅರ್ಧ ಗಂಟೆಯಲ್ಲಿ ಚಿಪ್ಪು ಖಾಲಿ. ಏಡಿ ತನ್ನ ಹಳೆಯ ಚಿಪ್ಪಿನಿಂದ ಬೆತ್ತಲೆ ಹೊರಬಂದು, ಹೊಸದರೊಳಗೆ ಹಿಂದುಮುಂದಾಗಿ ತೂರಿಕೊಂಡು, ಬಾಗಿಲಲ್ಲಿ ನಿಂತು ಮೀಸೆ ತಿರುವಿತು.

ಹೆಂಡತಿ ಕಪ್ಪು ಕೆಳಗಿಟ್ಟಳು. "ಅಲ್ರಿ, ಇದಕ್ಕ ಸನ್ಯಾಸಿ ಅಂತ ಹೆಸರಿಟ್ಟವರು ಯಾರು? ಇದು ಬಿಲ್ಡರ್ ಇದ್ದಂಗ ಅದ."

ಎರಡು ದಿನ ಬಿಟ್ಟು ಇನ್ನೊಂದು ಬಸವನಹುಳು ಹಾಗೆಯೇ ಹೋಯಿತು. ನಾನು ಕಲ್ಯಾಣಕ್ಕೆ ಹೋಗಿ ಖಾಲಿ ಚಿಪ್ಪುಗಳ ಒಂದು ಪೊಟ್ಟಣ ತಂದು ಸುರಿದೆ. ವಸತಿ ಸಮಸ್ಯೆ ನೀಗಿ ಆ ಬಗೆಯ ಕೊಲೆಗಳು ನಿಂತವು. ವಹಿಯಲ್ಲಿ ಬರೆದೆ: ಎರಡು.

ನೀಲಿ ಡ್ಯಾಮ್ಸೆಲ್ ಹೆಬ್ಬೆರಳಿನಷ್ಟಿತ್ತು. ಆದರೆ ಎಂಬತ್ತು ಲೀಟರೂ ತನ್ನದೆಂದು ಅದು ತೀರ್ಮಾನಿಸಿತ್ತು. ಕ್ಲೌನ್ ಮೀನುಗಳನ್ನು ಮೂಲೆಗೆ ಒತ್ತಿ, ಸರದಿಯಂತೆ ಒಂದರ ಬಾಲ ಕಚ್ಚಿ ಹರಿದು, ಇನ್ನೊಂದರ ಪಕ್ಕೆಗೆ ಗುಮ್ಮುತ್ತಿತ್ತು. ಬಾಲದ ಚಿಂದಿ ನೀರಿನಲ್ಲಿ ತೇಲುವುದು ಕಾಣುತ್ತಿತ್ತು. ಬಲೆಗೆ ಅದು ಸಿಗದೆ, ಅರ್ಧ ಕಲ್ಲುಗಳನ್ನು ಹೊರತೆಗೆದು, ಎರಡು ತಾಸು ಮೊಣಕೈವರೆಗೆ ಉಪ್ಪುನೀರಿನಲ್ಲಿದ್ದು ಕೊನೆಗೆ ಹಿಡಿದೆ. ಹಿಡಿದ ಕೈಗೂ ಕಚ್ಚಿತು. ಅದನ್ನು ಕಲ್ಯಾಣಕ್ಕೆ ಗಡೀಪಾರು ಮಾಡಿದೆ.

ಹವಳಗಳೂ ಸಾಧುಗಳಲ್ಲ. ಕೂತಲ್ಲಿಂದ ಏಳಲಾರದವು ಹೇಗೆ ಯುದ್ಧ ಮಾಡುತ್ತವೆಂದರೆ, ನೀರಿಗೆ ವಿಷ ಬಿಟ್ಟು. ತೊಗಲಿನಂಥ ಹವಳದ ಪಕ್ಕ ಇಟ್ಟಿದ್ದ, ಅಂಗಿಯ ಗುಂಡಿಗಳಂಥ ಗುಂಡಿ ಹವಳದ ಮುಖಗಳು ಆ ಬದಿಯಲ್ಲಿ ಮುಚ್ಚಿ, ಕಂದಿ, ಕೊಳೆತವು. ವೃತ್ತಿಯಿಂದ ರಾಸಾಯನಿಕದವನಾದ ನನಗೆ ಅದರ ಮೇಲೆ ಒಂದು ಬಗೆಯ ಗೌರವ ಹುಟ್ಟಿತು. ದೂರ ದೂರ ಇಟ್ಟು, ವಿಷ ಹೀರಲೆಂದು ಇದ್ದಿಲಿನ ಚೀಲ ಇಳಿಬಿಟ್ಟೆ.

ಇನ್ನೊಂದು ನಿತ್ಯದ ಕೆಲಸವಿತ್ತು. ನಮ್ಮ ಸೆಕೆಗೆ ನೀರು ಬಿಸಿಯಾಗದಂತೆ ತೊಟ್ಟಿಯ ಮೇಲೆ ಸಣ್ಣ ಫ್ಯಾನು ಕಟ್ಟಿದ್ದೆ. ಅದರಿಂದ ದಿನಕ್ಕೆ ಒಂದೂವರೆ ಲೀಟರ್ ನೀರು ಆರುತ್ತದೆ. ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಆದ್ದರಿಂದ ದಿನಾ ಒಂಬತ್ತು ಗಂಟೆಗೆ ಗಾಜಿನ ಮೇಲಿನ ಕೆಂಪು ಗೆರೆಯವರೆಗೆ ಸಿಹಿನೀರು ಹಾಕಬೇಕು. ಅಷ್ಟು ಹೊತ್ತಿಗೆ ನಾನೂ ಹೆಂಡತಿಯೂ ಮನೆ ಬಿಟ್ಟಿರುತ್ತಿದ್ದೆವು. ಅವ್ವ ಆ ಕೆಲಸ ಒಪ್ಪಿಕೊಂಡಳು. ಸ್ಟ್ಯಾಂಡಿನ ಕೆಳಗೆ ಬಿಳಿ ಕ್ಯಾನಿನಲ್ಲಿ ಆರ್‌ಓ ನೀರು, ಪಕ್ಕದಲ್ಲಿ ಪ್ಲಾಸ್ಟಿಕ್ ಮಗ್ಗು. ಭಾನುವಾರ ಮಾತ್ರ ನಾನು ಹಾಕುತ್ತಿದ್ದೆ. ಅವ್ವನ ಕೆಲಸ ನನ್ನ ಲ್ಯಾಬಿನ ಟ್ರೇನಿಗಳಿಗಿಂತ ಅಚ್ಚುಕಟ್ಟು. ಒಂದು ದಿನವೂ ನೀರು ಕೆಂಪು ಗೆರೆ ತಪ್ಪಲಿಲ್ಲ.

ಜುಲೈ ಕೊನೆಗೆ, ಊಟಕ್ಕೆ ಕೂತಾಗ, ತೊಟ್ಟಿಯಿಂದ ಟಕ್ ಎಂದು ಸದ್ದು ಬಂತು. ಬೆರಳಿನ ಗೆಣ್ಣಿನಿಂದ ಗಾಜು ಕುಟ್ಟಿದ ಹಾಗೆ. ಸ್ವಲ್ಪ ಹೊತ್ತಿಗೆ ಮತ್ತೆ ಟಕ್, ಟಕ್. ಬೆಳಿಗ್ಗೆ ಮರಳಿನ ಮೇಲೆ ಒಂದು ಬಸವನಹುಳುವಿನ ಚಿಪ್ಪು ಮೂರು ತುಂಡಾಗಿ ಬಿದ್ದಿತ್ತು. ಒಳಗೆ ನೆಕ್ಕಿಟ್ಟಂತೆ ಸ್ವಚ್ಛ. ಮರುದಿನ ಇನ್ನೊಂದು. ವಾರದೊಳಗೆ ಮೂರನೆಯದು. ಕೊನೆಗೆ ಆ ದೊಡ್ಡ ಸನ್ಯಾಸಿ ಏಡಿ, ಕೊಲೆ ಮಾಡಿ ಮನೆ ಸಂಪಾದಿಸಿದ ಅದೇ ಏಡಿ, ಒಡೆದ ಚಿಪ್ಪಿನ ಪಕ್ಕ ಒಂದು ಕೊಂಡಿ ಮತ್ತು ಎರಡು ಕಾಲು ಮಾತ್ರವಾಗಿ ಸಿಕ್ಕಿತು.

ಅಂಗಡಿಯವರಿಗೆ ಫೋನ್ ಮಾಡಿದೆ. ಸದ್ದಿನ ವಿಷಯ ಹೇಳಿದ್ದೇ ತಡ, ಆ ಕಡೆಯಿಂದ ಒಂದು ನಿಟ್ಟುಸಿರು ಬಂತು.

"ಅಯ್ಯೋ ರಾಯರೇ. ಅದು ಮ್ಯಾಂಟಿಸ್ ಮಾರ್ರೆ. ನಾನು ಕೊಟ್ಟ ಕಲ್ಲಿನ ಒಳಗೆ ಇದ್ದದ್ದು ಅದು. ಸೀಗಡಿ ಹಾಗೆಯೇ ಇರ್ತದೆ, ಮುಂಗೈ ಎರಡು ಸುತ್ತಿಗೆ. ಗುದ್ದಿದರೆ ಮುಗೀತು. ಕೈ ಹಾಕಬೇಡಿ, ಹೆಬ್ಬೆರಳು ಸೀಳ್ತದೆ."

"ಏನು ಮಾಡಲಿ?"

"ಬಾಟಲಿ ಇಟ್ಟು ಹಿಡೀರಿ. ಕೊಲ್ಲಬೇಡಿ. ಬೇರೆ ಡಬ್ಬಿಯಲ್ಲಿ ಹಾಕಿದರೆ ಒಬ್ಬನೇ ಆರಾಮಾಗಿ ಇರ್ತಾನೆ. ನಂಗೆ ತಂದು ಕೊಡಿ."

ಅಷ್ಟರಲ್ಲಿ ಶ್ರಾವಣ ಹತ್ತಿತು. ಮನೆಯಲ್ಲಿ ಎರಡು ವ್ರತಗಳು ಶುರುವಾದವು. ಅವ್ವನದು ಪ್ರತಿವರ್ಷದ್ದು: ಬೆಳಿಗ್ಗೆ ಸ್ನಾನ ಮಾಡಿ ಮಡಿ ಉಟ್ಟರೆ ಮಧ್ಯಾಹ್ನದ ಊಟದವರೆಗೆ ಮಡಿ. ನನ್ನದು ಬೇಟೆ. ಅರ್ಧ ಲೀಟರಿನ ಸೋಡಾ ಬಾಟಲಿಯ ಕತ್ತು ಕೊಯ್ದು ತಿರುಗಿಸಿ ಒಳಗೆ ಸಿಕ್ಕಿಸಿ, ಮೀನಿನ ಆಹಾರದ ಉಂಡೆಯನ್ನು ಒಳಗಿಟ್ಟು, ಕಲ್ಲಿನ ಬುಡಕ್ಕೆ ಮಲಗಿಸಿದೆ. ಹದಿನೈದು ದಿನ ಅದು ಬಾಟಲಿಯ ಕಡೆ ತಿರುಗಿಯೂ ನೋಡಲಿಲ್ಲ. ಕಲ್ಲಿನ ತೂತಿನಿಂದ ಎರಡು ಕಣ್ಣು ಮಾತ್ರ ಹೊರಗೆ ಬರುತ್ತಿದ್ದವು, ಕಡ್ಡಿಯ ಮೇಲೆ ಕೂರಿಸಿದ ಕಣ್ಣು, ಒಂದು ಎಡಕ್ಕೂ ಒಂದು ಬಲಕ್ಕೂ ತಿರುಗುತ್ತ. ನಾನು ಕಾರ್ಖಾನೆಯಲ್ಲಿ ಕೂತಾಗಲೂ ಆ ಕಣ್ಣುಗಳ ಬಗ್ಗೆಯೇ ಯೋಚಿಸುತ್ತಿದ್ದೆ. ಅದು ನನ್ನ ತೊಟ್ಟಿಯನ್ನಲ್ಲ, ನನ್ನನ್ನೇ ಒಡೆದು ಗುಜರಾತಿಗೆ ಅಟ್ಟುತ್ತಿದೆ ಎಂಬ ಭಾವನೆ ಬಲಿಯುತ್ತ ಹೋಯಿತು.

ಶ್ರಾವಣದ ಮೂರನೆಯ ಶನಿವಾರ ಮಧ್ಯಾಹ್ನ, ನಾನು ಅರ್ಧ ದಿನದ ಕೆಲಸ ಮುಗಿಸಿ ಬಂದಿದ್ದಾಗ, ಅವ್ವ ಕೆಳಮನೆಯವರ ಪೂಜೆಗೆ ಹೋಗಿದ್ದಾಗ, ಅದು ಹಾಡಹಗಲಿನಲ್ಲಿ ತೂತಿನಿಂದ ಹೊರಗೆ ಬಂತು. ಬೆರಳುದ್ದ, ಹಸಿರು, ಅಂಚಿನಲ್ಲಿ ಕೆಂಪು. ನಿಧಾನ ನಡೆದು ಬಾಟಲಿಯ ಬಾಯಿ ಹೊಕ್ಕು, ಒಳಗೆ ಹೋಗಿ ಸುಮ್ಮನೆ ನಿಂತಿತು. ನನ್ನ ಬಾಟಲಿಯ ವಿನ್ಯಾಸದ ಬಗ್ಗೆ ನನಗೆ ಬಹಳ ಹೆಮ್ಮೆಯಾಯಿತು.

ಬಾಟಲಿಯನ್ನು ಅಡಿಗೆಮನೆಯ ಸಿಂಕಿಗೆ ಒಯ್ದೆ. ಕತ್ತಿನ ತುಂಡು ಸಡಿಲವಾಗಿ ಜಾರಿತು, ನಾನು ಹೆಬ್ಬೆರಳು ಅಡ್ಡ ಹಿಡಿದೆ. ಒಂದು ಗುದ್ದು. ಹಲ್ಲಿನವರೆಗೆ ನೋವು ಹತ್ತಿತು. ಉಗುರಿನ ಪಕ್ಕ ಚರ್ಮ ಬಿರಿದು ರಕ್ತ ಸಿಂಕಿಗೆ ತೊಟ್ಟಿಕ್ಕಿತು. ಆ ಕ್ಷಣದಲ್ಲಿ ನಾನು ತೀರ್ಪು ಕೊಟ್ಟೆ. ಕಲ್ಯಾಣದವರ ಮಾತು ನೆನಪಿತ್ತು. ಡಬ್ಬಿಯೂ ಕೈಗೆ ಸಿಗುವಲ್ಲೇ ಇತ್ತು. ನಾನು ಡಬ್ಬಿ ತೆಗೆದುಕೊಳ್ಳದೆ, ಪಾತೇಲಿ ತುಂಬ ಸಿಹಿನೀರು ಹಿಡಿದು ಅದರೊಳಗೆ ಪ್ರಾಣಿಯನ್ನು ಸುರಿದೆ. ಕಡಲಿನ ಜೀವಕ್ಕೆ ಸಿಹಿನೀರು ಬೆಂಕಿಯ ಹಾಗೆ. ಅದರ ಮೈಯ ಒಂದೊಂದು ಕೋಶವೂ ನೀರು ಕುಡಿದು ಬಿರಿಯುತ್ತದೆ. ಇದು ಗೊತ್ತಿದ್ದೇ ಸುರಿದೆ. ಅದು ಪಾತೇಲಿಯ ತಳಕ್ಕೆ ಎರಡು ಸಲ ಗುದ್ದಿತು, ಸ್ಟೀಲು ಗಣ್ ಎಂದಿತು. ಆಮೇಲೆ ಬಿಲ್ಲಿನಂತೆ ಬಾಗಿ, ನೆಟ್ಟಗಾಗಿ, ಮತ್ತೆ ಬಾಗಿ ಹಾಗೇ ನಿಂತಿತು. ನಾಲ್ಕು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಕಣ್ಣು ತಿರುಗಿಸಲಿಲ್ಲ, ನಾನೂ ಅದೂ.

ಸಂಜೆ ಅಂಗಡಿಯವರಿಗೆ ಬೆರಳಿನ ಫೋಟೋ ಕಳಿಸಿ, ಕೊಂದದ್ದನ್ನೂ ತಿಳಿಸಿದೆ. ಅವರು ತಿರುಗಿ ಫೋನ್ ಮಾಡಿದರು. "ಇಷ್ಟೇಯಾ ರಾಯರೇ ಗಾಯ? ಉಗುರು ಹಾರಿ ಹೋಗಬೇಕಿತ್ತಲ್ಲ. ಹುಷಾರಿರಲಿಲ್ಲವೋ ಏನೋ ಅದಕ್ಕೆ" ಎಂದಷ್ಟೇ ಹೇಳಿದರು. ಹೊಟ್ಟೆಕಿಚ್ಚು ಎಂದುಕೊಂಡೆ.

ಐದು ದಿನ ನೆಮ್ಮದಿಯಾಗಿತ್ತು. ಆರನೆಯ ದಿನ ಬೆಳಿಗ್ಗೆ ಒಂದು ಕ್ಲೀನರ್ ಸೀಗಡಿ ಮರಳಿನ ಮೇಲೆ ಬೆನ್ನಾಗಿ ಬಿದ್ದು ಕಾಲು ಅದುರಿಸುತ್ತಿತ್ತು. ಸಂಜೆಗೆ ಸತ್ತಿತು. ಮರುದಿನ ಇನ್ನೊಂದು. ಬಸವನಹುಳುಗಳು ಗಾಜಿನಿಂದ ಒಂದೊಂದಾಗಿ ಕಳಚಿ ಬಿದ್ದವು. ಸನ್ಯಾಸಿ ಏಡಿಗಳು ಮಾಡಬಾರದ ಕೆಲಸ ಮಾಡಿದವು: ತಾವಾಗಿಯೇ ಚಿಪ್ಪು ಬಿಟ್ಟು ಬೆತ್ತಲೆ ಹೊರಬಂದು, ಬಯಲಿನಲ್ಲಿ ಮಡಚಿಕೊಂಡು ಸತ್ತವು. ಹವಳಗಳು ಮುಚ್ಚಿದವು ತೆರೆಯಲಿಲ್ಲ. ತೊಗಲು ಹವಳ ಕರಗಿ ಲೋಳೆಯಾಯಿತು.

ಎಲ್ಲ ಪರೀಕ್ಷೆ ಮಾಡಿದೆ. ಸಾಂದ್ರತೆ ಸರಿ, ಅಮೋನಿಯಾ ಸೊನ್ನೆ, ಕ್ಷಾರ ಸರಿ, ತಾಪಮಾನ ಸರಿ. ಕಾರ್ಖಾನೆಗಳ ಹೊಗೆ ತುಂಬಿದ ನಮ್ಮ ಓಣಿಯ ಗಾಳಿಯ ಮೇಲೂ ಅನುಮಾನಪಟ್ಟು ಗಾಳಿ ಪಂಪಿಗೆ ಇದ್ದಿಲು ಕಟ್ಟಿದೆ. ಕ್ಲೌನ್ ಮೀನುಗಳು ಮಾತ್ರ ಏನೂ ಆಗದವರಂತೆ ಹೆಣಗಳ ಮೇಲೆ ಈಜಾಡುತ್ತಿದ್ದವು. ಹಾಗಾದರೆ ಇನ್ನೊಂದು ಮ್ಯಾಂಟಿಸ್ ಇರಬೇಕು ಎಂದು ನಿರ್ಧರಿಸಿದೆ. ಈಗ ಯೋಚಿಸಿದರೆ ಆ ನಿರ್ಧಾರಕ್ಕೆ ಒಂದು ಆಧಾರವೂ ಇರಲಿಲ್ಲ. ಮ್ಯಾಂಟಿಸ್ ಕೊಂದ ಚಿಪ್ಪು ಒಡೆದಿರುತ್ತದೆ. ಈ ಚಿಪ್ಪುಗಳೆಲ್ಲ ಇಡಿಯಾಗಿದ್ದವು. ಮೂವತ್ತು ವರ್ಷ ಇನ್ನೊಬ್ಬರ ವರದಿಯಲ್ಲಿ ಇಂಥ ತಪ್ಪಿಗೆ ಕೆಂಪು ಗೆರೆ ಎಳೆದ ನಾನೇ ಈಗ ಕೈಗೆ ಸುತ್ತಿಗೆ ತೆಗೆದುಕೊಂಡೆ. ಜೀವ ಇರುವ ಆ ಕಲ್ಲನ್ನು ಬಾಲ್ಕನಿಗೆ ಒಯ್ದು, ಗೋಣಿಚೀಲದ ಮೇಲಿಟ್ಟು ಒಡೆದೆ. ಹುಳುಗಳು, ಸಣ್ಣ ಚಿಪ್ಪುಗಳು, ಸ್ಪಂಜಿನ ಚೂರು, ಗೋಡೆಗೆಲ್ಲ ಸಿಡಿದವು. ನನ್ನ ವಹಿಯ ಲೆಕ್ಕದಲ್ಲೇ ಇಲ್ಲದ ಅವೆಲ್ಲ ಆಗಲೇ ಸತ್ತಿದ್ದವು. ಇನ್ನೂ ಒಡೆದೆ. ಕಲ್ಲು ಪುಡಿಯಾಯಿತು. ಕೊಲೆಗಾರ ಸಿಗಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಮುಗೀತೇನ್ರಿ? ಮುಗಿದಿದ್ರ ಕೈ ತೊಳ್ಕೊಂಡು ಬರ್ರಿ. ಮುಖ ನೋಡ್ಲಿಕ್ಕೆ ಅಂಜಿಕಿ ಬರ್ತದ."

ಶ್ರಾವಣ ಮುಗಿಯಲು ಎರಡು ದಿನ ಇದ್ದಾಗ ಕಾರ್ಖಾನೆಯ ಬಾಯ್ಲರ್ ಕೆಟ್ಟು ನಮಗೆಲ್ಲ ರಜೆ ಸಿಕ್ಕಿತು. ವಾರದ ದಿನ ಒಂಬತ್ತು ಗಂಟೆಗೆ ನಾನು ಮನೆಯಲ್ಲಿದ್ದದ್ದು ಆ ತಿಂಗಳಲ್ಲಿ ಅದೇ ಮೊದಲು. ಅವ್ವ ಮಡಿ ಸೀರೆಯಲ್ಲಿ ದೇವರ ಕೋಣೆಯಿಂದ ಬಂದಳು. ಕೈಯಲ್ಲಿ ತಾಮ್ರದ ತಂಬಿಗೆ. ಹುಣಸೆಹಣ್ಣಿನಿಂದ ತಿಕ್ಕಿ ತಿಕ್ಕಿ ಕೆಂಪಗೆ ಹೊಳೆಯುತ್ತಿತ್ತು. ತುದಿಗಾಲಿನಲ್ಲಿ ನಿಂತು, ನದಿಗಳ ಹೆಸರು ಒಂದೊಂದಾಗಿ ಹೇಳುತ್ತ, ಸಣ್ಣ ಧಾರೆಯಲ್ಲಿ, ಒಂದು ಹನಿ ಹೊರಗೆ ಚೆಲ್ಲದಂತೆ, ಕೆಂಪು ಗೆರೆಯವರೆಗೆ ನೀರು ತುಂಬಿದಳು.

ತಾಮ್ರ. ಮೀನು ತಡೆದೀತು. ಸೀಗಡಿ, ಏಡಿ, ಬಸವನಹುಳು, ಹವಳ, ಬೆನ್ನೆಲುಬಿಲ್ಲದ ಯಾವುದಕ್ಕೂ ತಾಮ್ರದಂಥ ವಿಷ ಇನ್ನೊಂದಿಲ್ಲ. ಇದು ನನಗೆ ಜೂನ್ ತಿಂಗಳಲ್ಲೇ ಗೊತ್ತಿತ್ತು. ಅವ್ವನಿಗೆ ಹೇಳಬೇಕೆಂದು ಹೊಳೆದಿರಲಿಲ್ಲ.

ನಾನು ಎದ್ದು ಹೋಗಿ ಅವಳ ಕೈಯಿಂದ ತಂಬಿಗೆ ಕಿತ್ತುಕೊಂಡೆ. ಮಡಿಯಲ್ಲಿದ್ದವಳನ್ನು ಮುಟ್ಟಿದೆ. ಕಿತ್ತದ್ದನ್ನು ಗೋಡೆಗೆ ಎಸೆದೆ. ಗಿಲಾವು ಉದುರಿ, ತಂಬಿಗೆ ನೆಲದ ಮೇಲೆ ಉರುಳಿ, ಅವ್ವನ ಕಾಲ ಹತ್ತಿರ ಹೋಗಿ ನಿಂತಿತು. "ಎಲ್ಲಾ ಕೊಂದಿಯಲ್ಲ" ಎಂದು ಅರಚಿದೆ. ಐವತ್ತೇಳು ವರ್ಷದಲ್ಲಿ ನಾನು ಅವಳ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಆ ತೊಟ್ಟಿಯಲ್ಲಿ ನಡೆದದ್ದೆಲ್ಲಕ್ಕಿಂತ ಅದು ಕೆಟ್ಟದಾಗಿತ್ತು.

ಅವ್ವ ಬಗ್ಗಿ ತಂಬಿಗೆ ಎತ್ತಿಕೊಂಡು ನೆಗ್ಗಿದ ಕಡೆ ಬೆರಳಾಡಿಸಿದಳು. "ಮಡಿಯೊಳಗ ಬಚ್ಚಲದ ಮಗ್ಗು ಹ್ಯಾಂಗ ಮುಟ್ಟಲಿ? ಮಿಷನ್ ನೀರು ಬ್ಯಾಡ ಅಂತ, ನಾ ಕುಡಿಯೋ ನೀರೇ ಹಾಕ್ತಿದ್ದೆ. ರಾತ್ರಿ ತುಂಬಿಟ್ಟದ್ದು" ಎಂದಷ್ಟೇ ಹೇಳಿ ಒಳಗೆ ಹೋದಳು.

ನಾಲ್ಕು ವಾರ, ಭಾನುವಾರ ಬಿಟ್ಟು ದಿನಾ. ಪ್ರತಿ ಭಾನುವಾರ ಬಿಳಿ ಕ್ಯಾನು ತುಂಬಿಯೇ ಇರುವುದನ್ನು ನಾನು ನೋಡಿದ್ದೆ. ಪ್ಲಾಸ್ಟಿಕ್ ಮಗ್ಗಿನ ಮೇಲಿನ ಧೂಳನ್ನು ನನ್ನ ಕೈಯಿಂದಲೇ ಒರೆಸಿದ್ದೆ. ಒರೆಸಿ, ನೀರು ಹಾಕಿ, ವಹಿಗೆ ಸಹಿ ಮಾಡಿದ್ದೆ.

ಮರುದಿನ ತೊಟ್ಟಿಯ ನೀರನ್ನು ಬಾಟಲಿಯಲ್ಲಿ ಒಯ್ದು ಲ್ಯಾಬಿನ ಯಂತ್ರದಲ್ಲಿ ನೋಡಿದೆ. ಇರಬಾರದ್ದು ಇತ್ತು, ಕೊಲ್ಲಲು ಸಾಕಾಗುವಷ್ಟೇ ಇತ್ತು. ಮಾದರಿಗಳ ಡಬ್ಬಿಯಲ್ಲಿ ಆ ಮ್ಯಾಂಟಿಸ್ಸನ್ನೂ ಸ್ಪಿರಿಟ್ಟಿನಲ್ಲಿ ಇಟ್ಟಿದ್ದೆ, ವಿಜಯದ ಸ್ಮಾರಕವಾಗಿ. ಹದಿನೈದು ದಿನ ಕಣ್ಣು ಮಾತ್ರ ತೋರಿಸಿದ್ದು ಹಾಡಹಗಲಿನಲ್ಲಿ ಯಾಕೆ ಹೊರಗೆ ಬಂತು, ನನ್ನ ಉಗುರು ಯಾಕೆ ಉಳಿಯಿತು, ಈಗ ತಿಳಿಯಿತು. ಅದು ವಿಷ ಕುಡಿದು, ತೂಕಡಿಸುತ್ತ, ನೀರು ಬೇರೆಯಿದ್ದೀತೆಂದು ಬಾಟಲಿ ಹೊಕ್ಕಿರಬೇಕು. ನನ್ನ ವಿನ್ಯಾಸಕ್ಕೆ ಅದರಲ್ಲಿ ಪಾತ್ರವಿರಲಿಲ್ಲ.

ಅವ್ವ ಐದು ದಿನ ನನ್ನೊಡನೆ ಮಾತಾಡಲಿಲ್ಲ. ಆರನೆಯ ದಿನ ಗಣಪತಿ ಬಂದ. ಆರತಿ ಆದ ಮೇಲೆ ನನ್ನ ಪಕ್ಕ ಬಂದು ಕೂತಳು.

"ಅಷ್ಟೂ ನಾನೇ ಕೊಂದೆನೇನು?"

ಸಮಾಧಾನಕ್ಕೆ ಏನಾದರೂ ಹೇಳಬಹುದಿತ್ತು. ಆದರೆ ಅವಳು ಕೇಳಿದ್ದು ಲ್ಯಾಬಿನವನನ್ನು. ವಹಿ ತಂದೆ. "ಒಟ್ಟು ಹದಿನೆಂಟು. ಎರಡು ಆ ಏಡಿ ಕೊಂದದ್ದು. ನಾಕು ಮ್ಯಾಂಟಿಸ್ ಕೊಂದದ್ದು, ಚಿಪ್ಪು ಒಡದಿದ್ವು. ತಾಮ್ರಕ್ಕ ಹೋದದ್ದು ಹವಳ ಹಿಡಿದು ಹನ್ನೊಂದು."

"ಹವಳಕ್ಕೂ ಜೀವ ಇರ್ತದೇನು?"

"ಇರ್ತದ."

"ಹನ್ನೊಂದು ನಂದು." ಬೆರಳು ಮಡಚಿ ಎಣಿಸಿದಳು. "ಹದಿನೇಳಾತು. ಇನ್ನೊಂದು?"

"ನಾ ಕೊಂದದ್ದು. ಆ ಮ್ಯಾಂಟಿಸ್."

"ಗೊತ್ತಿದ್ದು ಕೊಂದಿಯೋ, ಗೊತ್ತಿಲ್ಲದನೋ?"

"ಗೊತ್ತಿದ್ದು."

ಅವ್ವ ಮಡಚಿದ ಬೆರಳು ಬಿಡಿಸಿದಳು. "ಹಂಗಾದ್ರ ನಿಂದು ಹೆಚ್ಚಾತು" ಎಂದು, ಎದ್ದು ಕಡುಬು ತರಲು ಹೋದಳು.

ಹಬ್ಬ ಮುಗಿಯುವ ಮೊದಲು ಕಲ್ಯಾಣದವರು ಫೋನ್ ಮಾಡಿದರು. ನನ್ನ ಪರಿಸ್ಥಿತಿ ಅವರಿಗೆ ಗೊತ್ತಿತ್ತು. "ಹೇಳ್ತೇನೆ ಕೇಳಿ ರಾಯರೇ. ಶನಿವಾರ ಸಂಜೆ ಒಳ್ಳೆ ಹವಳ ನಾಲ್ಕು, ಸೀಗಡಿ ಎರಡು, ನನ್ನ ಟ್ಯಾಂಕಿನ ನೀರು ಸಮೇತ ತಂದು ನಿಮ್ಮಲ್ಲಿ ಜೋಡಿಸ್ತೇನೆ. ಭಾನುವಾರ ಡಾಕ್ಟ್ರಮ್ಮ ನೋಡಿ ಹೋಗಲಿ. ಸೋಮವಾರ ವಾಪಸ್ ತಗೊಂಡು ಹೋಗ್ತೇನೆ. ಒಂದು ದಿನದ ಮಟ್ಟಿಗೆ ಸಾಯ್ಲಿಕ್ಕಿಲ್ಲ."

ನಾಳೆ ಹೇಳುತ್ತೇನೆ ಎಂದೆ. ಆ ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಹೇಳಿದೆ. ಅವಳು ಪಲ್ಯ ಬಡಿಸುತ್ತ, "ನಾನೂ ಬ್ಯಾಡ ಅನ್ನಂಗಿಲ್ಲ, ಹೂಂ ಅನ್ನಂಗಿಲ್ಲ. ಗುಜರಾತಿಗೆ ಹೋದ್ರ ನಿಮಗ ಅಡಿಗಿ ಮಾಡ್ಕೊಳ್ಳಿಕ್ಕೆ ಬರೂದಿಲ್ಲ, ಅದಷ್ಟು ನೆನಪಿರ್ಲಿ" ಎಂದಳು. ಬೆಳಿಗ್ಗೆ ಅಂಗಡಿಯವರಿಗೆ ಬೇಡವೆಂದು ತಿಳಿಸಿದೆ. ಇದನ್ನು ಧರ್ಮ ಎಂದು ಹೇಳಿಕೊಳ್ಳಲಾರೆ. ಆ ನಾಲ್ಕು ಹವಳಗಳಲ್ಲಿ ಒಂದು ಸತ್ತರೂ ಅದೂ ಗೊತ್ತಿದ್ದು ಕೊಂದದ್ದರ ಲೆಕ್ಕಕ್ಕೆ ಬೀಳುತ್ತಿತ್ತು.

ಭಾನುವಾರ ಡಾಕ್ಟರು ಬಂದರು. ತೊಟ್ಟಿಯಲ್ಲಿ ಎರಡು ಕ್ಲೌನ್ ಮೀನು, ಬೋಳು ಕಲ್ಲು. ಟೀಪಾಯಿಯ ಮೇಲೆ ಎರಡು ತಟ್ಟೆ: ಒಂದರಲ್ಲಿ ಒಡೆದ ಚಿಪ್ಪು, ಒಂದರಲ್ಲಿ ಇಡೀ ಚಿಪ್ಪು. ಪಕ್ಕದಲ್ಲಿ ಒಂದು ಪುಟದ ವರದಿ. ಅವರು ಓದಿ ಮುಗಿಸಿ, "ನೀರು ಹಾಕಿದ್ದು ಯಾರು ಸರ್?" ಎಂದರು.

ವರದಿಯಲ್ಲಿ ನಾನು ಜಾಣತನದಿಂದ 'ಅಳತೆಯ ಪಾತ್ರೆಯ ದೋಷ' ಎಂದು ಬರೆದಿದ್ದೆ. "ನಾನೇ" ಎಂದೆ.

ಒಳಗಿನಿಂದ ಅವ್ವನ ದನಿ ಬಂತು. "ಸುಳ್ಳು ಹೇಳ್ತಾನ್ರಿ. ಹಾಕಿದಾಕಿ ನಾನು. ಅವಂಗ ಹೇಳ್ಳಿಕ್ಕೆ ನೆನಪಾಗಲಿಲ್ಲ, ನನಗ ಕೇಳ್ಳಿಕ್ಕೆ ತಿಳೀಲಿಲ್ಲ." ಹೊರಗೆ ಬಂದು, ನೆಗ್ಗಿದ ತಂಬಿಗೆಯನ್ನು ಸಾಕ್ಷಿಯಂತೆ ಟೀಪಾಯಿಯ ಮೇಲಿಟ್ಟಳು.

ಡಾಕ್ಟರು ತಂಬಿಗೆ, ತಟ್ಟೆ, ನನ್ನ ಹೆಬ್ಬೆರಳು, ಎಲ್ಲವನ್ನೂ ನೋಡಿದರು. "ನನ್ನ ಮೂರು ಟ್ಯಾಂಕೂ ಸತ್ತಾಗ ಮೂರು ಜನಾನೂ ಒಂದೇ ಮಾತು ಹೇಳಿದ್ರು, ನಿಮ್ಮ ನೀರು ಸರಿ ಇಲ್ಲ ಮೇಡಂ ಅಂತ. ಯಾವುದು ಯಾಕೆ ಸತ್ತಿತು ಅಂತ ಯಾರೂ ಹೇಳ್ಲಿಲ್ಲ." ವರದಿ ಮಡಚಿ ಚೀಲದಲ್ಲಿ ಹಾಕಿಕೊಂಡರು. "ಆದ್ರೆ ಸರ್, ಬದುಕಿದ್ರೆ ಅಂತ ಹೇಳಿದ್ದೆ. ಬದುಕಿಲ್ಲ. ಇನ್ನೊಂದು ಸಲ ಮಾಡಿ. ಸಂಕ್ರಾಂತಿಗೆ ಬರ್ತೀನಿ."

ಸಂಕ್ರಾಂತಿ ನಾಲ್ಕು ತಿಂಗಳು ದೂರ. ಸೋಮವಾರ ಒಂದು ರಾತ್ರಿ ದೂರ. ಸೋಮವಾರ ಬೆಳಿಗ್ಗೆ ಮ್ಯಾನೇಜರರಿಗೆ ಬರುವುದಿಲ್ಲವೆಂದು ಎರಡು ಸಾಲು ಬರೆದುಕೊಟ್ಟೆ. ಅವರು ಬೇರೆ ಕಡೆ ಕೆಲಸ ಸಿಕ್ಕಿತೇ ಎಂದು ಕೇಳಿದರು. "ಇಲ್ಲ, ತೊಟ್ಟಿ ತೊಳೆಯಬೇಕಾಗಿದೆ" ಎಂದೆ.

ತಾಮ್ರ ಕುಡಿದ ಕಲ್ಲು, ಮರಳು ಎಲ್ಲ ಎಸೆದೆ. ಮೀನುಗಳನ್ನು ಕಲ್ಯಾಣದಲ್ಲಿ ಬಿಟ್ಟು ಬಂದೆ. ಹೊಸ ನೀರು, ಹೊಸ ಒಣ ಕಲ್ಲು, ಮತ್ತೆ ದಿನಕ್ಕೊಂದು ಹನಿ ಅಮೋನಿಯಾ. ಹೆಂಡತಿ ಒಂದು ಸ್ಟೀಲ್ ತಂಬಿಗೆ ತಂದಳು. ಅದರಲ್ಲಿ ಒಂದು ರಾತ್ರಿ ನೀರಿಟ್ಟು ಪರೀಕ್ಷಿಸಿ, ಏನೂ ಇಲ್ಲವೆಂದು ಅವ್ವನ ಎದುರಿಗೆ ವಹಿಯಲ್ಲಿ ಬರೆದು ಸಹಿ ಹಾಕಿದೆ. ಅವಳು ತಂಬಿಗೆಗೆ ಕುಂಕುಮ ಹಚ್ಚಿದಳು. ಆರ್‌ಓ ನೀರಿಗೆ ಮಡಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಮುಂದಿನ ಶ್ರಾವಣಕ್ಕೆ ಮುಂದೂಡಲಾಗಿದೆ.

ನಿನ್ನೆ ಒಂಬತ್ತು ಗಂಟೆಗೆ ನಾನು ಮನೆಯಲ್ಲೇ ಇದ್ದೆ. ಈಗ ದಿನಾ ಇರುತ್ತೇನೆ. ಅವ್ವ ನದಿಗಳ ಹೆಸರು ಹೇಳುತ್ತ ಕೆಂಪು ಗೆರೆಯವರೆಗೆ ನೀರು ತುಂಬಿ, ಗಾಜಿಗೆ ಮುಖ ಹತ್ತಿರ ಮಾಡಿ ನೋಡಿದಳು.

"ಈಗ ಇದರಾಗ ಯಾರೂ ಇಲ್ಲಲ್ಲೋ?"

"ಯಾರೂ ಇಲ್ಲ."

"ಯಾರೂ ಯಾರನ್ನೂ ಕೊಲ್ಲಂಗಿಲ್ಲ."

"ಇಲ್ಲ."

ತಂಬಿಗೆಯನ್ನು ಸೆರಗಿನಿಂದ ಒರೆಸುತ್ತ ನಿಂತಳು. "ಹಿಂಗೇ ಇಟ್ಟುಬಿಡೋಣೇನು?"

ನೀರು ಬಹಳ ತಿಳಿಯಾಗಿತ್ತು. ಅದರ ಆಚೆಗೆ ಗೋಡೆಯಲ್ಲಿ ಗಿಲಾವು ಉದುರಿದ ಜಾಗ ಕಾಣುತ್ತಿತ್ತು.

"ಇಲ್ಲವ್ವ, ಮುಂದಿನ ವಾರ ಬಸವನಹುಳು ಬರ್ತಾವ" ಎಂದೆ.